ತೋಳಿನ ಮೇಲಿನ ಒಂದು ಹದ್ದನ್ನು ಹುಡುಕಿದ ನಾಲ್ಕು ವರ್ಷ

ನನ್ನ ಹತ್ತಿರ ದೊಡ್ಡ ಸಂಗ್ರಹ ಏನೂ ಇಲ್ಲ. ತೋಳಿಗೆ ಹೊಲಿಯುವ ಒಂದು ಹದ್ದಿನ ಬ್ಯಾಡ್ಜ್, ಒಂದು ಜೊತೆ ಭುಜಪಟ್ಟಿ, ನೀರಿನ ಕಲೆ ಇರುವ ಒಂದು ಪುಟ್ಟ ಸರ್ವಿಸ್ ಪುಸ್ತಕ. ಜೊತೆಗೆ ತೋಳಿಗೆ ಸುತ್ತುವ ಒಂದು ನಕಲಿ ಬಟ್ಟೆಪಟ್ಟಿ. ಇಷ್ಟಕ್ಕೆ ನಾಲ್ಕು ವರ್ಷ ಹಿಡಿಯಿತು. ಎರಡನೇ ಮಹಾಯುದ್ಧದ ಜರ್ಮನ್ ವಸ್ತು ಕೂಡಿಸುತ್ತೇನೆ ಅಂದರೆ ಜನ ಒಂದು ಥರ ನೋಡುತ್ತಾರೆ. ನೋಡಲೇಬೇಕು ಕೂಡ. ಹಾಗಾಗಿ ಇದು ಎಲ್ಲಿಂದ ಶುರುವಾಯಿತು, ಎಲ್ಲಿಗೆ ಬಂತು ಅನ್ನೋದನ್ನ ಪೂರ್ತಿಯಾಗಿ ಬರೆದಿಡೋಣ ಅನಿಸಿತು.

ನಮ್ಮಪ್ಪ ಪೊಲೀಸ್. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾದರು. ಕೊನೆಯ ಕೆಲವು ವರ್ಷ ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸ್ ಪಡೆಯಲ್ಲಿದ್ದರು. ನಾನು ಚಿಕ್ಕವನಿದ್ದಾಗ ಭಾನುವಾರ ರಾತ್ರಿ ಅಪ್ಪನ ಹಿತ್ತಾಳೆ ಸಾಮಾನು ಉಜ್ಜುವುದು ನನ್ನ ಕೆಲಸ. ಭುಜದ ಅಕ್ಷರ, ಬೆಲ್ಟಿನ ಬಕಲ್, ಟೋಪಿಯ ಬಿಲ್ಲೆ. ಒಂದು ದಪ್ಪ ರಟ್ಟಿಗೆ ಸೀಳು ಮಾಡಿ ಬಿಲ್ಲೆಯ ಹಿಂದೆ ತೂರಿಸಬೇಕು, ಇಲ್ಲದಿದ್ದರೆ ಬ್ರಾಸೋ ಬಟ್ಟೆಗೆ ತಾಗಿ ಬಿಳಿ ಕಲೆ ಆಗುತ್ತದೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಆ ಬಿಲ್ಲೆ ತೆಗೆದಿಟ್ಟರೆ ಅಪ್ಪ ಅಪ್ಪನೇ. ಹಾಕಿಕೊಂಡರೆ ಬೀದಿಯಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಒಂದು ಚೂರು ಹಿತ್ತಾಳೆಯಲ್ಲಿ ಅಷ್ಟು ಬಲ ಹೇಗೆ ಬರುತ್ತದೆ ಅನ್ನೋದು ಆಗಿನಿಂದಲೂ ನನ್ನ ತಲೆಯಲ್ಲಿತ್ತು.

2016ರಲ್ಲಿ ಕೆಲಸಕ್ಕೆ ಅಂತ ಹ್ಯಾಂಬರ್ಗಿಗೆ ಬಂದೆ. ಬಂದರಿನ ಕ್ರೇನ್‌ಗಳಿಗೆ ಸಂಬಂಧಪಟ್ಟ ಸಾಫ್ಟ್‌ವೇರ್ ಕೆಲಸ. ಎಲ್ಬೆ ನದಿಯಲ್ಲಿ ನೀಲಿ ದೋಣಿಗಳು ಓಡಾಡುತ್ತಿರುತ್ತವೆ, ಮೈಮೇಲೆ 'ವಾಸರ್‌ಶುಟ್ಸ್‌ಪೊಲಿಟ್ಸೈ' ಅಂತ ಬರೆದಿರುತ್ತದೆ. ಜಲರಕ್ಷಣಾ ಪೊಲೀಸ್. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ, ದೋಣಿಯ ಎಂಜಿನ್ ಯಾವುದು, ಎಷ್ಟು ಜನ ಹತ್ತುತ್ತಾರೆ, ರಾತ್ರಿ ಪಾಳಿ ಎಷ್ಟು ಹೊತ್ತು, ಎಲ್ಲಾ ಕೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ. ತಿಳಿದುಕೊಳ್ಳೋಣ ಅಂತ ಓದಲು ಕೂತೆ. ಹಾಗೆ ಓದುತ್ತಾ ಓದುತ್ತಾ 1937ಕ್ಕೆ ಬಂದು ನಿಂತೆ.

1936ರ ಜೂನ್ 17ರಂದು ಹಿಟ್ಲರನ ಎಸ್‌ಎಸ್ ಪಡೆಯ ನಾಯಕ ಹಿಮ್ಲರ್ ಇಡೀ ಜರ್ಮನಿಯ ಪೊಲೀಸ್ ಮುಖ್ಯಸ್ಥನಾದ. ಅಲ್ಲಿಯವರೆಗೆ ಬೇರೆ ಬೇರೆ ರಾಜ್ಯಗಳ ಕೈಯಲ್ಲಿದ್ದ ಪೊಲೀಸರು ಒಂದೇ ಕೈಗೆ ಬಂದರು. ಮರುವರ್ಷ ನದಿ ಪೊಲೀಸ್, ಬಂದರು ಪೊಲೀಸ್ ಎಲ್ಲವನ್ನೂ ಸೇರಿಸಿ ವಾಸರ್‌ಶುಟ್ಸ್‌ಪೊಲಿಟ್ಸೈ ಮಾಡಿದರು. ಉಳಿದ ಪೊಲೀಸರಿಗೆ ಹಸಿರು ಸಮವಸ್ತ್ರ. ಇವರು ನೀರಿನವರು, ಹಾಗಾಗಿ ನೌಕಾಪಡೆಯ ಹಾಗೆ ಕಡುನೀಲಿ. ಎಡತೋಳಿನ ಮೇಲೆ ಪೊಲೀಸ್ ಹದ್ದು: ಸುತ್ತ ಓಕ್ ಎಲೆಗಳ ಮಾಲೆ, ನಡುವೆ ರೆಕ್ಕೆ ಬಿಚ್ಚಿದ ಹದ್ದು, ಅದರ ಕಾಲಲ್ಲಿ ಸ್ವಸ್ತಿಕ. ದೊಡ್ಡ ನಗರಗಳ ಪೊಲೀಸರಲ್ಲಿ ಇದೇ ಹದ್ದು ಹಸಿರು ದಾರದಲ್ಲಿ, ಇವರಲ್ಲಿ ಬಂಗಾರದ ಹಳದಿಯಲ್ಲಿ. ಯುದ್ಧ ಶುರುವಾದ ಮೇಲೆ ಇವರಲ್ಲೇ ಒಂದಷ್ಟು ಜನರನ್ನು ನೌಕಾಪಡೆಯ ಕೈಕೆಳಗೆ ಹಾಕಿ ಬಂದರು ಮತ್ತು ತೀರದ ಕಾವಲಿಗೆ ಕಳಿಸಿದರು. ಅವರ ಹೆಸರು 'ಮರೀನೆ-ಕ್ಯೂಸ್ಟನ್‌ಪೊಲಿಟ್ಸೈ'. ಕನ್ನಡದಲ್ಲಿ ಹೇಳಿದರೆ ನೌಕಾ ಕರಾವಳಿ ಪೊಲೀಸ್.

ಕರಾವಳಿ ಪೊಲೀಸ್! ನಮ್ಮಪ್ಪನ ಇಲಾಖೆಯ ಹೆಸರು. ಆ ಪದ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ದೋಣಿ ಪರೀಕ್ಷೆ ಮಾಡುವುದು, ಕಾಗದಪತ್ರ ನೋಡುವುದು, ಬಂದರಿನ ಗೇಟಿನಲ್ಲಿ ನಿಲ್ಲುವುದು, ಕೆಲಸ ಮೇಲ್ನೋಟಕ್ಕೆ ಒಂದೇ. ಆದರೆ ಇವರು ನಿಂತದ್ದು ಬೇರೆಯವರ ದೇಶ ಹಿಡಿದುಕೊಂಡ ಸೈನ್ಯದ ಪರವಾಗಿ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಹಸಿರು ದಾರದ ಅದೇ ಹದ್ದನ್ನು ತೋಳಿಗೆ ಹಾಕಿಕೊಂಡಿದ್ದ ಇದೇ ಹ್ಯಾಂಬರ್ಗಿನ 101ನೇ ಮೀಸಲು ಪೊಲೀಸ್ ಬೆಟಾಲಿಯನ್, 1942ರ ಜುಲೈ 13ರಂದು ಪೋಲೆಂಡಿನ ಯೂಜೆಫೂವ್ ಅನ್ನೋ ಊರಲ್ಲಿ ಒಂದೇ ದಿನ ಸುಮಾರು 1500 ಯಹೂದಿಗಳನ್ನು ಗುಂಡಿಟ್ಟು ಕೊಂದಿತು. ಹೆಂಗಸರು, ಮಕ್ಕಳು, ಮುದುಕರು. ಕೊಂದವರಲ್ಲಿ ಬಹಳಷ್ಟು ಜನ ಸಂಸಾರ ಇದ್ದ ನಡುವಯಸ್ಸಿನವರು, ಇದೇ ಬಂದರಿನಲ್ಲಿ, ಕಾರ್ಖಾನೆಗಳಲ್ಲಿ, ಆಫೀಸುಗಳಲ್ಲಿ ದುಡಿಯುತ್ತಿದ್ದವರು. ಹಾಗಾಗಿ ಈ ಹದ್ದನ್ನು 'ಚೆಂದದ ಕಸೂತಿ' ಅಂತ ನೋಡೋಕೆ ನನಗೆ ಯಾವತ್ತೂ ಆಗಿಲ್ಲ. ಆದರೂ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕು, ಅದನ್ನು ಹಾಕಿಕೊಂಡವನು ಯಾರು ಅಂತ ಗೊತ್ತಾಗಬೇಕು ಅನ್ನೋ ಆಸೆ ಹುಟ್ಟಿತು. ಬರೀ ಬ್ಯಾಡ್ಜ್ ಅಲ್ಲ, ಹಾಕಿಕೊಂಡ ಮನುಷ್ಯನ ಸಮೇತ.

ಹುಡುಕಲು ಶುರು ಮಾಡಿದ ಮೇಲೆ ಇದು ಎಷ್ಟು ಅಪರೂಪ ಅಂತ ತಿಳಿಯಿತು. ಭೂಸೇನೆಯಲ್ಲಿ ಲಕ್ಷಗಟ್ಟಲೆ ಜನ, ಅವರ ಬ್ಯಾಡ್ಜುಗಳು ಬೇಕಾದಷ್ಟು ಸಿಗುತ್ತವೆ. ಜಲ ಪೊಲೀಸರು ಎಷ್ಟೋ ಕಡಿಮೆ, ಅವರಲ್ಲಿ ಕರಾವಳಿ ಪೊಲೀಸರು ಇನ್ನೂ ಕಡಿಮೆ. 1943ರ ಜುಲೈ ಕೊನೆಯ ಬಾಂಬ್ ದಾಳಿಯಲ್ಲಿ ಹ್ಯಾಂಬರ್ಗಿನ ದೊಡ್ಡ ಭಾಗ ಸುಟ್ಟುಹೋಯಿತು, ಮನೆಗಳ ಜೊತೆ ಬೀರುಗಳಲ್ಲಿದ್ದ ಬಟ್ಟೆಯೂ ಹೋಯಿತು. 1945ರ ಮೇ 3ರಂದು ಬ್ರಿಟಿಷ್ ಸೈನ್ಯ ಊರೊಳಗೆ ಬಂದಾಗ ಜನ ಸ್ವಸ್ತಿಕ ಇರುವುದೆಲ್ಲವನ್ನೂ ಒಲೆಗೆ ಹಾಕಿದರು, ಹೊಳೆಗೆ ಎಸೆದರು, ಇಲ್ಲವೇ ಬ್ರಿಟಿಷ್ ಸೈನಿಕರಿಗೆ ಸಿಗರೇಟಿಗೆ ಬದಲಾಗಿ ಕೊಟ್ಟರು. ಬಟ್ಟೆಗೆ ಬರ ಇದ್ದ ಕಾಲ. ನೀಲಿ ಕೋಟನ್ನು ಯಾರೂ ಬಿಸಾಡಲಿಲ್ಲ, ಹದ್ದನ್ನು ಮಾತ್ರ ಬ್ಲೇಡಿನಿಂದ ಬಿಚ್ಚಿ ಕೋಟನ್ನು ಹಾಗೇ ಹಾಕಿಕೊಂಡರು. ಸೋತ ನೌಕಾಪಡೆಯವರನ್ನೇ ಬ್ರಿಟಿಷರು ಸಮುದ್ರದಲ್ಲಿನ ಮೈನ್ ತೆಗೆಯೋಕೆ ಹಚ್ಚಿದಾಗಲೂ ಅವರ ಮೈಮೇಲಿದ್ದದ್ದು ಸ್ವಸ್ತಿಕ ಕಿತ್ತ ಹಳೇ ಬಟ್ಟೆಯೇ.

ಅಪರೂಪ ಅಂದಮೇಲೆ ನಕಲಿ ಇದ್ದೇ ಇರುತ್ತದೆ. ಮೊದಲು ನಾನು ಬಿದ್ದದ್ದು ಅಲ್ಲೇ.

ಹ್ಯಾಂಬರ್ಗಿನ ಫೆಲ್ಡ್‌ಸ್ಟ್ರಾಸೆ ಸ್ಟೇಷನ್ ಪಕ್ಕ ಹಳೇ ಕಸಾಯಿಖಾನೆಯ ಅಂಗಳದಲ್ಲಿ ಶನಿವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ. ನಾನು ಕೊಂಡದ್ದು ಅಲ್ಲಲ್ಲ, ಬೇರೆ ಊರಿನ ಒಂದು ಸಂತೆಯಲ್ಲಿ. ಜರ್ಮನಿಯಲ್ಲಿ ಸ್ವಸ್ತಿಕ ಇರುವ ವಸ್ತುವನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ, ದಂಡ ಸಂಹಿತೆಯ 86ಎ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು. ಕಲಿಕೆ, ಸಂಶೋಧನೆ, ಕಲೆ, ಇತಿಹಾಸ, ಇಂಥವಕ್ಕೆ ವಿನಾಯಿತಿ ಇದೆ. ಹಾಗಾಗಿ ವ್ಯಾಪಾರಿಗಳು ಸ್ವಸ್ತಿಕದ ಮೇಲೆ ಟೇಪು ಅಂಟಿಸಿರುತ್ತಾರೆ, ಅಥವಾ ಮೇಜಿನ ಕೆಳಗೆ ಇಟ್ಟಿರುತ್ತಾರೆ. ಹರಾಜಿನಲ್ಲಿ ಕೊಂಡರೆ 'ನಾನು ಇದನ್ನು ಇಂಥ ಉದ್ದೇಶಕ್ಕೆ ಮಾತ್ರ ತೆಗೆದುಕೊಳ್ಳುತ್ತಿದ್ದೇನೆ' ಅಂತ ಒಪ್ಪಿಕೊಳ್ಳಬೇಕಾಗುತ್ತದೆ. ಈ ನಿಯಮ ನನಗೆ ತುಂಬಾ ಸರಿ ಅನಿಸುತ್ತದೆ.

ಆ ಸಂತೆಯ ವ್ಯಾಪಾರಿ ತೋರಿಸಿದ್ದು ತೋಳಿನ ತುದಿಗೆ ಸುತ್ತುವ ಹೆಸರಿನ ಪಟ್ಟಿ. ಕಡುನೀಲಿ ಬಟ್ಟೆ, ಬಂಗಾರದ ದಾರದಲ್ಲಿ ಹಳೇ ಜರ್ಮನ್ ಅಕ್ಷರ: ಮರೀನೆ-ಕ್ಯೂಸ್ಟನ್‌ಪೊಲಿಟ್ಸೈ. ಅದರಲ್ಲಿ ಸ್ವಸ್ತಿಕ ಇಲ್ಲ, ಹಾಗಾಗಿ ಟೇಪೂ ಇಲ್ಲ. ಅಜ್ಜನ ಪೆಟ್ಟಿಗೆಯಲ್ಲಿತ್ತು, ಅಜ್ಜ ನಾರ್ವೆಯಲ್ಲಿದ್ದ, ಹೀಗೆಲ್ಲಾ ಅವನು ಒಂದು ಉದ್ದ ಕಥೆ ಹೇಳಿದ. ನನಗೆ ಆ ಹೆಸರು ಓದಿಯೇ ಕೈ ನಡುಗುತ್ತಿತ್ತು. ಆ ತಿಂಗಳ ಬಾಡಿಗೆಯ ಅರ್ಧದಷ್ಟು ದುಡ್ಡು ಎಣಿಸಿ ಕೊಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ.

ರಾತ್ರಿ ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ತೋರಿಸುತ್ತಿದ್ದೆ. ಹಿಂದಿನಿಂದ ಅಮ್ಮ ಬಂದು ಬಗ್ಗಿ ನೋಡಿದರು. "ಎಂತ ಮಾರಾಯಾ ಅದು, ಪ್ಲಾಸ್ಟಿಕ್ ಜರಿ" ಅಂದರು. ನಾನು ಇಲ್ಲಮ್ಮಾ, ಎಂಬತ್ತು ವರ್ಷ ಹಳೇದು ಅಂದೆ. "ಎಂಬತ್ತು ವರ್ಷದ ಜರಿ ಹೀಗೆ ಕನ್ನಡಿ ಹಾಗೆ ಹೊಳೀತದಾ? ನನ್ನ ಧಾರೆ ಸೀರೆ ನೋಡಿದ್ದೀಯಲ್ಲ" ಅಂದರು.

ನೋಡಿದ್ದೆ. ಆ ಸೀರೆ ಹರಿದುಹೋದ ಮೇಲೆ ಹಳೇ ಜರಿ ಸೀರೆ ಕೊಳ್ಳುವವನು ಮನೆ ಬಾಗಿಲಿಗೆ ಬಂದಿದ್ದ. ಅಂಚಿನಿಂದ ಒಂದು ಎಳೆ ಕಿತ್ತು, ಕಲ್ಲಿಗೆ ಉಜ್ಜಿ, ಆಮೇಲೆ ಬೆಂಕಿಕಡ್ಡಿಗೆ ಹಿಡಿದು ತೋರಿಸಿದ. ಒಳಗಿನ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಉರಿದುಹೋಯಿತು, ಸುತ್ತಿದ್ದ ಬೆಳ್ಳಿ ತಂತಿ ಮಾತ್ರ ಸುರುಳಿಯಾಗಿ ಉಳಿಯಿತು. ಒಳ್ಳೆ ಜರಿ ಅಂದರೆ ಹೀಗೆ, ಬೆಳ್ಳಿ ಎಳೆ ದಾರಕ್ಕೆ ಸುತ್ತಿ ಮೇಲೆ ಚಿನ್ನದ ನೀರು ಕುಡಿಸಿರುತ್ತಾರೆ ಅಂತ ಅವನು ನನಗೆ ವಿವರಿಸಿದ್ದ. ಆಗ ನನಗೆ ಹತ್ತು ವರ್ಷ ಇರಬಹುದು.

ಫೋನು ಇಟ್ಟು ಪಟ್ಟಿಯ ಹಿಂಬದಿಯಿಂದ ಒಂದು ಸಣ್ಣ ಎಳೆ ಚಿಮುಟದಲ್ಲಿ ಕಿತ್ತೆ. ಲೈಟರ್ ಹಿಡಿದೆ. ಯುದ್ಧಕಾಲದ ಜರ್ಮನರು ಬಂಗಾರದ ದಾರದ ಬದಲು ಸೆಲೊಫೇನ್ ಹೊದಿಸಿದ ದಾರವನ್ನೂ ಬಳಸುತ್ತಿದ್ದರು, ಅದಕ್ಕೆ ಸೆಲಿಯಾನ್ ಅಂತ ಹೆಸರು. ಹಾಗಾಗಿ ಹೊಳಪು ಇದೆ ಅಂದ ತಕ್ಷಣ ನಕಲಿ ಅನ್ನೋಕೆ ಆಗಲ್ಲ. ಆದರೆ ಸೆಲೊಫೇನ್ ಹುಟ್ಟುವುದು ಮರದ ನಾರಿನಿಂದ, ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ನನ್ನ ಎಳೆ ಬೂದಿಯಾಗಲಿಲ್ಲ. ಕರಗಿ, ಮುದುಡಿ, ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಮಣಿ ಆಯಿತು. ಉಗುರಿನಿಂದ ಒತ್ತಿದರೆ ಗಟ್ಟಿ. ಪಾಲಿಯೆಸ್ಟರ್.

ಆ ಮಣಿಯನ್ನು ಬಿಸಾಡದೆ ಒಂದು ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದೇನೆ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ನಾರ್ವೆಯ ಅಜ್ಜನ ಕಥೆಯನ್ನು ನಂಬಿದ್ದಕ್ಕೆ. ಒಬ್ಬ ಮನುಷ್ಯನನ್ನು ಹುಡುಕುತ್ತಾ ಹೋದೆ, ಸಿಕ್ಕವನು ಹುಟ್ಟೇ ಇರಲಿಲ್ಲ.

ಆಮೇಲೆ ಒಂದೂವರೆ ವರ್ಷ ಏನೂ ಕೊಳ್ಳಲಿಲ್ಲ. ಬರೀ ನೋಡಿದೆ. ಲಾಬೋ ಊರಿನ ನೌಕಾ ಸ್ಮಾರಕಕ್ಕೆ ಹೋದೆ, ಅಲ್ಲಿ ದಡದಲ್ಲಿ ಇಟ್ಟಿರುವ ಯು-995 ಜಲಾಂತರ್ಗಾಮಿಯ ಒಳಗೂ ಬಗ್ಗಿ ನಡೆದೆ. ವಿಲ್‌ಹೆಲ್ಮ್ಸ್‌ಹಾಫನ್‌ನ ನೌಕಾ ಮ್ಯೂಸಿಯಂಗೆ ಹೋದೆ. ಹ್ಯಾಂಬರ್ಗಿನ ಪೊಲೀಸ್ ಮ್ಯೂಸಿಯಂಗೆ ಮೂರು ಸಲ. ಹ್ಯಾಂಬರ್ಗಿನಲ್ಲೇ ಹಳೇ ಉಗ್ರಾಣದಲ್ಲಿ ಮಾಡಿರುವ ಅಂತರರಾಷ್ಟ್ರೀಯ ಕಡಲ ಮ್ಯೂಸಿಯಂನಲ್ಲಿ ಸಮವಸ್ತ್ರಗಳ ಮುಂದೆ ನಿಂತು, ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ಹೊಲಿಗೆ ನೋಡಿದೆ. ಆದರೆ ಗಾಜಿನ ಆಚೆ ಮುಂಬದಿ ಮಾತ್ರ ಕಾಣುತ್ತದೆ. ನಿಜ ಇರುವುದು ಹಿಂಬದಿಯಲ್ಲಿ.

ಇದನ್ನು ನನಗೆ ಕಲಿಸಿದವರು ಒಬ್ಬರು ಹಿರಿಯ ಸಂಗ್ರಾಹಕರು, ನಿವೃತ್ತ ದರ್ಜಿ. ಅವರ ಊಟದ ಮೇಜಿನ ಮೇಲೆ ಇಪ್ಪತ್ತು ಬ್ಯಾಡ್ಜುಗಳನ್ನು ಬೋರಲು ಹಾಕಿ, "ಯಾವುದು ನಿಜ ಹೇಳು, ತಿರುಗಿಸಬೇಡ" ಅಂದರು. ಮೊದಲ ಸಲ ಹನ್ನೊಂದು ತಪ್ಪಿದೆ. ಅವರು ತಾಳ್ಮೆಯಿಂದ ಒಂದೊಂದನ್ನೇ ತೋರಿಸಿದರು. ಮಿಷನ್ ಕಸೂತಿಯಾದರೆ ಹಿಂಬದಿಯ ದಾರ ಒಂದು ಭಾಗದಿಂದ ಇನ್ನೊಂದಕ್ಕೆ ಹಾರಿದ ಜಾಡು ಕಾಣುತ್ತದೆ. ಈಗಿನ ಕಂಪ್ಯೂಟರ್ ಮಿಷನ್ ಮಾಡಿದ್ದು ಅತೀ ಸಮವಾಗಿರುತ್ತದೆ, ಬೆರಳಾಡಿಸಿದರೆ ಬಿರುಸು. ಹಳೇ ಉಣ್ಣೆಯ ಬಟ್ಟೆ ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡುವ ರೀತಿಯೇ ಬೇರೆ. ಒಂದು ಕೋಟಿನ ಮೇಲೆ ವರ್ಷಗಟ್ಟಲೆ ಇದ್ದ ಬ್ಯಾಡ್ಜಾದರೆ ಅಂಚಿನ ಸುತ್ತ ಸೂಜಿಯ ತೂತುಗಳ ಸಾಲು ಇರುತ್ತದೆ, ಮಡಿಚಿದ ಕಡೆ ಬಣ್ಣ ಕಡು, ಬಿಸಿಲು ಬಿದ್ದ ಕಡೆ ಮಾಸಲು. ವೂಪ್ಪರ್‌ಟಾಲ್ ಊರಿನ ಬೆವೊ ಕಾರ್ಖಾನೆಯ ನೇಯ್ದ ಬ್ಯಾಡ್ಜುಗಳ ಹಿಂಬದಿಯಂತೂ ಒಂದು ಅಚ್ಚುಕಟ್ಟಾದ ನೇಯ್ಗೆ, ಸೀರೆಯ ಸೆರಗನ್ನು ತಿರುಗಿಸಿ ನೋಡಿದ ಹಾಗೆಯೇ ಇರುತ್ತದೆ.

ನೇರಳಾತೀತ ದೀಪದ ವಿಷಯವೂ ಕೇಳಿರಬಹುದು. ಕತ್ತಲೆ ಕೋಣೆಯಲ್ಲಿ ಆ ದೀಪ ಹಿಡಿದರೆ ಹೊಸ ದಾರ ನೀಲಿ-ಬಿಳಿಯಾಗಿ ಬೆಳಗುತ್ತದೆ, ಯಾಕೆಂದರೆ ಅದಕ್ಕೆ ಬಿಳುಪು ಕೊಡುವ ರಾಸಾಯನಿಕ ಹಾಕಿರುತ್ತಾರೆ. ನನ್ನ ನಕಲಿ ಪಟ್ಟಿ ತಾನೇ ದೀಪದ ಹಾಗೆ ಬೆಳಗಿತು. ಆದರೆ ಇದೊಂದನ್ನೇ ನಂಬಬೇಡಿ. ನಿಜವಾದ ಹಳೇ ಬ್ಯಾಡ್ಜನ್ನು ಯಾರೋ ಈಚೆಗೆ ಸೋಪಿನ ಪುಡಿಯಲ್ಲಿ ತೊಳೆದಿದ್ದರೂ ಬೆಳಗುತ್ತದೆ. ಬೆಳಗದೇ ಇದ್ದದ್ದೆಲ್ಲಾ ನಿಜವೂ ಅಲ್ಲ.

ಕೊರಳಿಗೆ ಸರಪಳಿಯಲ್ಲಿ ನೇತುಹಾಕುವ ಲೋಹದ ಫಲಕದ ಆಸೆಯನ್ನು ಆ ದರ್ಜಿಯ ಮಾತು ಕೇಳಿ ಪೂರ್ತಿ ಬಿಟ್ಟೆ. ಸೇನಾ ಪೊಲೀಸರ ಆ ಫಲಕ ನೋಡಿಯೇ ಜರ್ಮನ್ ಸೈನಿಕರು ಅವರನ್ನು 'ಕೆಟೆನ್‌ಹುಂಡೆ', ಅಂದರೆ ಸರಪಳಿ ನಾಯಿಗಳು, ಅಂತ ಕರೆಯುತ್ತಿದ್ದರು. ಅದಕ್ಕೆ ಬೇಡಿಕೆ ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ.

ಮೂರನೇ ವರ್ಷದ ಚಳಿಗಾಲದಲ್ಲಿ ನನ್ನ ಆಫೀಸಿನ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ವಿಲ್‌ಹೆಲ್ಮ್ಸ್‌ಬುರ್ಗಿನಲ್ಲಿ ಅವರ ಪರಿಚಯದ ಒಬ್ಬ ಅಜ್ಜಿ ಮನೆ ಖಾಲಿ ಮಾಡುತ್ತಿದ್ದಾರೆ, ವೃದ್ಧಾಶ್ರಮಕ್ಕೆ ಹೋಗುತ್ತಿದ್ದಾರೆ, ಯಾವುದೋ ಪೊಲೀಸ್ ಸಾಮಾನು ಇದೆಯಂತೆ, ಸುಮ್ನೆ ಬಂದು ನೋಡು ಅಂದರು. ವಿಲ್‌ಹೆಲ್ಮ್ಸ್‌ಬುರ್ಗ್ ಅಂದರೆ ಎಲ್ಬೆಯ ಎರಡು ಕವಲಿನ ಮಧ್ಯದ ದ್ವೀಪ. 1962ರ ಫೆಬ್ರವರಿ 16ರ ರಾತ್ರಿ ಸಮುದ್ರದ ನೀರು ನುಗ್ಗಿ ಕಟ್ಟೆ ಒಡೆದಾಗ ಹ್ಯಾಂಬರ್ಗಿನಲ್ಲಿ 315 ಜನ ಸತ್ತರು, ಹೆಚ್ಚಿನವರು ಇಲ್ಲಿಯವರೇ.

ಅಜ್ಜಿ ಕಾಫಿ ಕೊಟ್ಟರು. ಆಮೇಲೆ ಒಂದು ರಟ್ಟಿನ ಸೂಟ್‌ಕೇಸ್ ತೆರೆದು ಒಂದು ದೊಡ್ಡ ಲಕೋಟೆ ತೆಗೆದರು. ಅದರೊಳಗೆ ಹಳದಿ ಹದ್ದು, ಎರಡು ಭುಜಪಟ್ಟಿ, ಒಂದು ಪುಸ್ತಕ. ಇದು ಯಾರದ್ದು ಅಂತ ಕೇಳಿದೆ. 'ಓಂಕೆಲ್' ಅಂದರು. ಜರ್ಮನ್‌ನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರಿಗೂ ಇದೇ ಪದ. ಯಾವ ಓಂಕೆಲ್ ಅಂತ ಮತ್ತೆ ಕೇಳಿದೆ, ನಮಗೆ ಅದು ಮುಖ್ಯ ಅಲ್ವಾ. ಅವರ ಅಪ್ಪನ ಅಣ್ಣ. ದೊಡ್ಡಪ್ಪ. ಯುದ್ಧಕ್ಕೆ ಮುಂಚೆ ಹ್ಯಾಂಬರ್ಗ್ ಬಂದರಿನಲ್ಲಿ ಪೊಲೀಸ್, ಯುದ್ಧದ ನಂತರವೂ ಬಂದರಿನಲ್ಲೇ ಕೆಲಸ, ಮಕ್ಕಳಿರಲಿಲ್ಲ, ಈ ಅಜ್ಜಿಯನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹಡಗು ತೋರಿಸಲು ಕರೆದುಕೊಂಡು ಹೋಗುತ್ತಿದ್ದರಂತೆ. ಮಧ್ಯದ ವರ್ಷಗಳ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

'ವಸ್ತುವನ್ನು ಕೊಳ್ಳು, ಕಥೆಯನ್ನು ಕೊಳ್ಳಬೇಡ' ಅನ್ನೋದು ಸಂಗ್ರಾಹಕರ ನಡುವಿನ ಮಾತು. ಹಾಗಾಗಿ ಹದ್ದನ್ನು ತಿರುಗಿಸಿದೆ. ಹಿಂಬದಿಯ ದಾರ ಒರಟಾಗಿ ಅಲ್ಲಿಂದಿಲ್ಲಿಗೆ ಹಾರಿತ್ತು. ಅಂಚಿನ ಸುತ್ತ ಸೂಜಿ ತೂತುಗಳು. ಎರಡು ಕಡೆ ಕೋಟಿನ ನೀಲಿ ಉಣ್ಣೆಯ ಎಳೆ ಇನ್ನೂ ಟಾಕಿಗೆ ಅಂಟಿಕೊಂಡಿತ್ತು, ಬ್ಲೇಡಿನಲ್ಲಿ ಅವಸರದಿಂದ ಬಿಚ್ಚಿದ್ದಾರೆ. ಒಂದು ರೆಕ್ಕೆಯ ತುದಿಯನ್ನು ನುಸಿ ತಿಂದಿತ್ತು. ಪುಸ್ತಕ ಪೊಲೀಸರ ಸರ್ವಿಸ್ ಪಾಸು. ಅದರ ಕೆಳ ಅಂಚಿನಿಂದ ಎರಡು ಬೆರಳಷ್ಟು ಮೇಲೆ, ಎಲ್ಲಾ ಪುಟಗಳಲ್ಲೂ ಒಂದೇ ಎತ್ತರದಲ್ಲಿ, ಕಂದು ಗೆರೆ. ಗೆರೆಯ ಕೆಳಗೆ ಶಾಯಿ ಹರಡಿ ಓದೋಕೆ ಆಗಲ್ಲ, ಮೇಲೆ ಸ್ಪಷ್ಟ. ನಾನು ಅದನ್ನು ನೋಡುತ್ತಿದ್ದಾಗ ಅಜ್ಜಿ ಗೋಡೆಯ ಕಡೆ ಕೈ ತೋರಿಸಿ, ಸೊಂಟದ ಎತ್ತರದಲ್ಲಿ ಅಂಗೈ ಹಿಡಿದು, "ನೀರು ಇಲ್ಲಿಯವರೆಗೆ ಬಂದಿತ್ತು" ಅಂದರು. ಸೂಟ್‌ಕೇಸ್ ಆಗ ಮೇಜಿನ ಮೇಲಿತ್ತಂತೆ. ಈ ಸಲ ಕಥೆಯೂ ವಸ್ತುವೂ ಒಂದೇ ಮಾತು ಹೇಳುತ್ತಿದ್ದವು.

ಬೆಲೆ ಕೇಳಿದರೆ ಅಜ್ಜಿ ಒಂದು ಸಣ್ಣ ಮೊತ್ತ ಹೇಳಿದರು. ಅದಕ್ಕೆ ಇನ್ನಷ್ಟು ಸೇರಿಸಿ ಕೊಟ್ಟೆ, ಕಡಿಮೆಗೆ ತಂದರೆ ನನಗೆ ನೆಮ್ಮದಿ ಇರುತ್ತಿರಲಿಲ್ಲ. ಅವರು ಇಟ್ಟ ಷರತ್ತು ಎರಡು. ದೊಡ್ಡಪ್ಪನ ಹೆಸರು ಎಲ್ಲೂ ಹಾಕಬಾರದು. ಮತ್ತೆ, ಅವರು ಎಲ್ಲಿದ್ದರು, ಏನು ಮಾಡಿದರು ಅಂತ ನನಗೆ ಗೊತ್ತಾದರೆ, ಏನೇ ಇರಲಿ, ಬಂದು ಹೇಳಬೇಕು.

ಮನೆಗೆ ತಂದ ಮೇಲೆ ಮೊದಲ ಕೆಲಸ ನುಸಿಯದ್ದು. ಬ್ಯಾಡ್ಜನ್ನು ತೆಳು ಕಾಗದದಲ್ಲಿ ಸುತ್ತಿ, ಗಾಳಿಯಾಡದ ಚೀಲಕ್ಕೆ ಹಾಕಿ, ಫ್ರೀಜರಿನಲ್ಲಿ ಎರಡು ವಾರ. ತೆಂಗಿನ ತುರಿಯ ಪೊಟ್ಟಣ ತೆಗೆದು ಪಕ್ಕದ ಮನೆಯ ಫ್ರೀಜರಿನಲ್ಲಿಟ್ಟೆ, ಎರಡನ್ನೂ ಒಟ್ಟಿಗೆ ಇಡೋಕೆ ಮನಸ್ಸು ಬರಲಿಲ್ಲ. ಆಮೇಲೆ ಹೊರತೆಗೆದು, ಚೀಲ ಬಿಚ್ಚದೆ ಒಂದು ದಿನ ಬಿಟ್ಟೆ, ಇಲ್ಲದಿದ್ದರೆ ತೇವ ಹಿಡಿಯುತ್ತದೆ. ಈಗ ಆಮ್ಲ ಇಲ್ಲದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಟ್ಟಿದ್ದೇನೆ. ಗೋಡೆಗೆ ಹಾಕಿಲ್ಲ, ಹಾಕುವುದೂ ಇಲ್ಲ.

ಅಮ್ಮನಿಗೆ ಈ ವಿಷಯದಲ್ಲಿ ಬೇರೆ ಬೇಸರ ಇತ್ತು. ನಮ್ಮ ಮನೆಯ ತುಳಸಿಕಟ್ಟೆಯ ಮೇಲೆ, ಅಕ್ಕಿ ಡಬ್ಬದ ಮೇಲೆ, ಅಪ್ಪನ ಹೊಸ ಸ್ಕೂಟರಿನ ಮೇಲೆ, ಎಲ್ಲೆಲ್ಲೂ ಸ್ವಸ್ತಿಕ ಬರೆದ ಕೈ ಅವರದ್ದು. "ಅದನ್ನು ಹಿಡಿದುಕೊಂಡು ಹೀಗೆ ಮಾಡಿದರಲ್ಲ" ಅಂತ ಒಂದೇ ಮಾತು ಹೇಳಿ ಸುಮ್ಮನಾದರು. ನಾನು ಇಲ್ಲಿ ದೀಪಾವಳಿಗೆ ಬಾಗಿಲ ಮುಂದೆ ಸ್ವಸ್ತಿಕ ಬರೆಯುವುದನ್ನು ಬಿಟ್ಟು ಐದಾರು ವರ್ಷ ಆಯಿತು. ಕಮಲ ಬರೆಯುತ್ತೇನೆ. ಕಾನೂನಿಗೆ ಹೆದರಿ ಅಲ್ಲ. ಎದುರು ಮನೆಯ ಮುದುಕರು ಅದನ್ನು ನೋಡಿದಾಗ ಅವರಿಗೆ ಏನು ನೆನಪಾಗುತ್ತದೋ ಅಂತ.

ನಂತರ ಕಾಗದದ ಕೆಲಸ. ಸೇನಾ ಸೇವೆಯ ವೈಯಕ್ತಿಕ ದಾಖಲೆಗಳು ಬರ್ಲಿನ್‌ನ ಫೆಡರಲ್ ಆರ್ಕೈವ್‌ನ ವಿಭಾಗದಲ್ಲಿವೆ. ಮುಂಚೆ ಅದು ಬೇರೆಯೇ ಕಚೇರಿ, 2019ರಿಂದ ಆರ್ಕೈವ್‌ಗೆ ಸೇರಿದೆ. ಅರ್ಜಿ ತುಂಬಿ, ಪಾಸಿನ ಪುಟಗಳ ನಕಲು ಲಗತ್ತಿಸಿ ಕಳಿಸಿದೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಹ್ಯಾಂಬರ್ಗ್ ರಾಜ್ಯ ದಾಖಲೆಗಳ ಕಚೇರಿಗೆ ಹೋದೆ, ವಾಂಡ್ಸ್‌ಬೆಕ್‌ನಲ್ಲಿದೆ. ಯುದ್ಧದ ನಂತರ ಬ್ರಿಟಿಷರು ಸರ್ಕಾರಿ ಕೆಲಸದವರಿಗೆಲ್ಲಾ ನೂರಕ್ಕೂ ಜಾಸ್ತಿ ಪ್ರಶ್ನೆಗಳ ಒಂದು ಫಾರ್ಮ್ ಕೊಟ್ಟಿದ್ದರು. ನಾಜಿ ಪಕ್ಷದಲ್ಲಿದ್ದೆಯಾ, ಯಾವಾಗ ಸೇರಿದೆ, ಎಲ್ಲೆಲ್ಲಿ ಸೇವೆ ಮಾಡಿದೆ, ಎಷ್ಟು ಸಂಬಳ, ಹೀಗೆ. ಅದರ ಮೇಲೆ ಜನರನ್ನು ಐದು ವರ್ಗ ಮಾಡುತ್ತಿದ್ದರು. ಮೊದಲನೆಯದು ಮುಖ್ಯ ಅಪರಾಧಿಗಳು, ಐದನೆಯದು ನಿರ್ದೋಷಿಗಳು. ಅಜ್ಜಿ ಒಂದು ಸಹಿ ಹಾಕಿದ ಪತ್ರ ಕೊಟ್ಟಿದ್ದರು, ಅದರಿಂದ ಕಡತ ಸಿಗುವುದು ಸುಲಭವಾಯಿತು.

ಕಡತ ತೆಳ್ಳಗಿತ್ತು. ಅಷ್ಟು ದೊಡ್ಡ ಫಾರ್ಮನ್ನು ಆ ಮನುಷ್ಯ ಪೊಲೀಸ್ ಬರವಣಿಗೆಯಲ್ಲಿ ತುಂಬಿದ್ದರು. ಪೊಲೀಸ್ ಬರವಣಿಗೆ ಯಾವ ದೇಶದಲ್ಲೂ ಒಂದೇ ಥರ ಅಂತ ಕಾಣುತ್ತದೆ, ಅಪ್ಪನ ಡೈರಿಯ ಅಕ್ಷರವೂ ಹೀಗೇ ನೆಟ್ಟಗೆ, ಒಂದಕ್ಕೊಂದು ತಾಗದ ಹಾಗೆ. ಯುದ್ಧಕಾಲದ ಸೇವೆ ಅನ್ನೋ ಜಾಗದಲ್ಲಿ ದೊಡ್ಡ ಖಾಲಿ ಸಾಲುಗಳಿದ್ದವು. ಅಲ್ಲಿ ಬರೆದದ್ದು ಇಷ್ಟೇ: "ರಾಟರ್‌ಡ್ಯಾಮ್ ಬಂದರು, ಕಾವಲು ಕೆಲಸ." ವರ್ಷ 1942ರಿಂದ 1945. ಆಗ ಜರ್ಮನಿಯ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಬಂದರು ಅದು. ಕೊನೆಯ ಹಾಳೆಯಲ್ಲಿ ಐದನೇ ವರ್ಗದ ಮೊಹರು.

ಆರು ತಿಂಗಳ ನಂತರ ಬರ್ಲಿನ್‌ನಿಂದ ಬಂದ ಉತ್ತರವೂ ಅದನ್ನೇ ಹೇಳಿತು, ಒಂದೆರಡು ದಿನಾಂಕ ಜಾಸ್ತಿ ಅಷ್ಟೇ. 1944ರ ನವೆಂಬರ್ ಇಡೀ ಅವರು ರಾಟರ್‌ಡ್ಯಾಮ್‌ನಲ್ಲೇ ಇದ್ದರು.

ಆ ತಿಂಗಳು ಅಲ್ಲಿ ಏನಾಯಿತು ಅನ್ನೋದು ನೆದರ್‌ಲ್ಯಾಂಡ್ಸ್‌ನವರಿಗೆ ಚೆನ್ನಾಗಿ ಗೊತ್ತು. ನವೆಂಬರ್ 10 ಮತ್ತು 11ರಂದು ಜರ್ಮನ್ ಸೈನಿಕರು ಬೆಳಗಾಗುವ ಮುಂಚೆಯೇ ಸೇತುವೆಗಳನ್ನು ಮುಚ್ಚಿ, ಬೀದಿಬೀದಿ ಸುತ್ತಿ, 17ರಿಂದ 40 ವರ್ಷದ ಗಂಡಸರೆಲ್ಲಾ ಕಂಬಳಿ, ಬಟ್ಟೆ, ಒಂದು ದಿನದ ಊಟ ಹಿಡಿದುಕೊಂಡು ಮನೆ ಮುಂದೆ ನಿಲ್ಲಬೇಕು ಅಂದರು. ಎರಡು ದಿನದಲ್ಲಿ 50,000ಕ್ಕೂ ಹೆಚ್ಚು ಜನರನ್ನು ಬಲವಂತದ ದುಡಿಮೆಗೆ ಹಿಡಿದು ಸಾಗಿಸಿದರು. ಕೆಲವರನ್ನು ನಡೆಸಿಕೊಂಡು, ಕೆಲವರನ್ನು ರೈಲಿನಲ್ಲಿ. ಸಾವಿರಾರು ಜನರನ್ನು ರೈನ್ ನದಿಯ ಸರಕು ದೋಣಿಗಳಲ್ಲಿ ತುಂಬಿಸಿ, ಬಂದರಿನಿಂದಲೇ.

ದೋಣಿಗಳಲ್ಲಿ. ಬಂದರಿನಿಂದ. ಅಲ್ಲಿ ಕಾವಲು ಕೆಲಸ ಅಂದರೆ ಏನು?

ಅಪ್ಪನಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮಗಾ, ಬಂದರಲ್ಲಿ ಅಷ್ಟು ಜನ ಹತ್ತೂದು ಅಂದ್ರೆ ಆ ದಿನ ರಜೆ ಯಾರಿಗೂ ಇರೂದಿಲ್ಲ. ಎಲ್ಲರನ್ನೂ ಕರೀತಾರೆ" ಅಂದರು. ಮತ್ತೆ ಸ್ವಲ್ಪ ತಡೆದು, "ಡ್ಯೂಟಿ ಹಾಕಿದವರ ಪಟ್ಟಿ ಇರ್ತದೆ. ಎಲ್ಲಾ ಸ್ಟೇಷನ್ನಿನಲ್ಲೂ ಇರ್ತದೆ. ಅದನ್ನು ಹುಡುಕು" ಅಂದರು. ನಲವತ್ತು ವರ್ಷ ಡ್ಯೂಟಿ ಪಟ್ಟಿ ನೋಡಿದ ಮನುಷ್ಯ ಹೇಳಿದ ಮಾತು. ನನಗೆ ಅದು ಹೊಳೆದೇ ಇರಲಿಲ್ಲ.

ಅಜ್ಜಿಯ ಹತ್ತಿರ ಹೋದೆ, ಮಾತು ಕೊಟ್ಟಿದ್ದೆನಲ್ಲ. ವೃದ್ಧಾಶ್ರಮದ ಕಿಟಕಿ ಪಕ್ಕ ಕೂತಿದ್ದರು. ಫಾರ್ಮಿನ ನಕಲು ಕೊಟ್ಟೆ, ನವೆಂಬರಿನ ವಿಷಯವನ್ನೂ ಹೇಳಿದೆ, ದೊಡ್ಡಪ್ಪ ಅಲ್ಲಿ ನಿಂತಿದ್ದರು ಅನ್ನೋಕೆ ನನ್ನ ಹತ್ತಿರ ಆಧಾರ ಇಲ್ಲ ಅಂತಲೂ ಹೇಳಿದೆ. ಅವರು ಆ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. "ದೊಡ್ಡಪ್ಪ ಯಾವಾಗಲೂ ಹಡಗು ಹೊರಡುವ ಮುಂಚೆ ನನ್ನನ್ನು ಮನೆಗೆ ಕರೆದುಕೊಂಡು ಬಂದುಬಿಡುತ್ತಿದ್ದರು. ಜನ ಹತ್ತುವುದನ್ನು ನೋಡೋಕೆ ಬಿಡುತ್ತಿರಲಿಲ್ಲ" ಅಂದರು. ಅದಕ್ಕೆ ಅರ್ಥ ಹಚ್ಚೋಕೆ ನಾನು ಹೋಗಲಿಲ್ಲ. ಅವರೂ ಹೋಗಲಿಲ್ಲ. ನಕಲನ್ನು ಮಡಿಚಿ ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು.

ರಾಟರ್‌ಡ್ಯಾಮ್ ನಗರ ಆರ್ಕೈವ್‌ಗೆ ಈಗ ಪತ್ರ ಬರೆದಿದ್ದೇನೆ. ಮಾರ್ಚ್ ಎರಡನೇ ವಾರ ಬಂದು ನೋಡಬಹುದು ಅಂತ ಉತ್ತರ ಬಂದಿದೆ. ರಜೆ ಹಾಕಿದ್ದೇನೆ. ಪಾಸಿನ ನಕಲು, ಬರ್ಲಿನ್‌ನ ಪತ್ರ, ಒಂದು ಭೂತಗನ್ನಡಿ, ಪೆನ್ಸಿಲ್ ಜೋಡಿಸಿಟ್ಟಿದ್ದೇನೆ, ಆರ್ಕೈವ್ ಒಳಗೆ ಪೆನ್ನು ಬಿಡಲ್ಲ. ಹದ್ದನ್ನು ಒಯ್ಯುವುದಿಲ್ಲ. ಅದು ಪೆಟ್ಟಿಗೆಯಲ್ಲೇ ಇರುತ್ತದೆ, ಬೋರಲಾಗಿ, ಹಿಂಬದಿಯ ದಾರ ಮೇಲೆ ಕಾಣುವ ಹಾಗೆ.